ಕೆಂಚಿಯ ಬಾಣಂತನ

ದೊಡ್ಡಬಸಮ್ಮನ ಮನೆಯಲ್ಲಿ ನಾಯಿಯೂ ವಿಭೂತಿ ಧರಿಸುತ್ತಿತ್ತು.

ಬೆಳಗ್ಗೆ ಲಿಂಗಪೂಜೆ ಮುಗಿಸಿ ಆಕೆ ಜಗಲಿಗೆ ಬಂದಳೆಂದರೆ ಕೆಂಚಿ ಎಲ್ಲಿದ್ದರೂ ಎದ್ದು ಬಂದು ಎದುರಿಗೆ ಕೂರುತ್ತಿತ್ತು. ಬೆರಳಿಗೆ ಅಂಟಿ ಉಳಿದ ವಿಭೂತಿಯನ್ನು ಆಕೆ ಅದರ ಕೆಂಪು ಹಣೆಯ ಮೇಲೆ ಅಡ್ಡಕ್ಕೆ ಎಳೆದು, "ಓಗವ್ವ, ಇನ್ನ ನಿನ್ ಗೇಮೆ ನೋಡ್ಕ ಓಗು" ಎಂದು ಬೆನ್ನು ತಟ್ಟುತ್ತಿದ್ದಳು. ಕೆಂಚಿ ಎದ್ದು ಮೈ ಕೊಡವಿ, ಕೊಟ್ಟಿಗೆಯ ಬಾಗಿಲಲ್ಲಿ ನಿಂತು ದನ ಬಿಚ್ಚುವುದನ್ನೇ ಕಾಯುತ್ತಿತ್ತು.

ಕೆಂಚಿಗೆ ಗೇಮೆಯೂ ಕಡಿಮೆ ಇರಲಿಲ್ಲ. ಕೌದಳ್ಳಿಯಿಂದ ಬೆಟ್ಟದ ಕಡೆ ಹೋಗುವ ರಸ್ತೆಯಲ್ಲಿ ಬಸ್ಸಿಳಿದು, ಆಲದ ಮರದ ಬುಡದಿಂದ ಒಳಕ್ಕೆ ನಡೆದರೆ ಸಿಗುವ ಹೊಲದ ಮನೆ ಅದು. ಬೇಲಿಯ ಆಚೆ ಇನ್ನೊಂದು ಹೊಲ, ಅದರಾಚೆ ಕಾಡು. ಹಗಲು ದನಗಳ ಹಿಂದೆ ಹೋಗಿ, ಹಿಂದುಳಿದ ಕಡಸನ್ನು ಭುಜ ಒಡ್ಡಿ ದೂಡಿಕೊಂಡು ಬರುವುದು ಕೆಂಚಿ. ರಾಗಿ ತೆನೆ ಕಟ್ಟಿದಾಗ ಹಂದಿಗಳ ಜೊತೆ ಜಗಳಕ್ಕೆ ನಿಲ್ಲುವುದೂ ಕೆಂಚಿ. ಚಿರತೆಯ ವಾಸನೆ ಬಂದರೆ ಅದು ಬೊಗಳುವ ರೀತಿಯೇ ಬೇರೆ. ಆ ಬೊಗಳು ಕೇಳಿದರೆ ಮಲಗಿದ್ದ ದನಗಳೆಲ್ಲ ತಾವಾಗಿಯೇ ಎದ್ದು ಒಂದು ಕಡೆ ಗುಂಪಾಗುತ್ತಿದ್ದವು.

ಇಷ್ಟಕ್ಕೆಲ್ಲ ಕೂಲಿ ಎಂದರೆ ಎರಡು ಹೊತ್ತು ರಾಗಿಮುದ್ದೆ, ಮೇಲೊಂದಿಷ್ಟು ಮಜ್ಜಿಗೆ, ಹಬ್ಬವಾದರೆ ಹೋಳಿಗೆಯ ತುಂಡು. ಈರುಳ್ಳಿ ಹೆಚ್ಚಿದ ಕೈಯನ್ನೂ ತೊಳೆದು ಪೂಜೆಯ ಮನೆ ಮುಟ್ಟುವವಳು ದೊಡ್ಡಬಸಮ್ಮ. ಆಕೆಯ ಬೇಲಿಯೊಳಗೆ ಮಾಂಸದ ಮಾತೂ ನುಸುಳುವ ಹಾಗಿರಲಿಲ್ಲ. "ನಮ್ಮ ಕೆಂಚಿ ನಾಯಲ್ಲ ಕಣ್ರವ್ವ, ಶರಣೆ" ಎಂದು ಬಂದವರಿಗೆಲ್ಲ ಹೇಳುತ್ತಿದ್ದಳು.

ಪಕ್ಕದ ಹೊಲದ ಪುಟ್ಟಮಾದಮ್ಮ ಮೇಕೆ ಸಾಕಿದವಳು. ಅವಳ ಮನೆಯಲ್ಲಿ ಮರಿ ಕೊಯ್ದರೆ ನಾಯಿಗಳಿಗೆ ಹಸಿಹಸಿಯಾಗೇ ಪಾಲು ಬೀಳುತ್ತಿತ್ತು. ಅವಳು ದೊಡ್ಡಬಸಮ್ಮನ ಸೊಸೆ ರುದ್ರಾಣಿಯ ಕಿವಿಯಲ್ಲಿ ನಗುತ್ತಿದ್ದಳು: "ನಿಮ್ಮತ್ತೆ ಬುಟ್ರೆ ಬೆಟ್ಟದ್ ಉಲಿಗೂ ಲಿಂಗ ಕಟ್ಟುಸ್ಬುಟ್ಟು ಉರುಳಿಕಾಳ್ ಸಾರು ಬುಡ್ತರೆ."

ರುದ್ರಾಣಿ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕು, ಅತ್ತೆ ಕೇಳಿಸಿಕೊಂಡಳೇನೋ ಎಂದು ಹಿಂದೆ ನೋಡುತ್ತಿದ್ದಳು.

ಆ ವರ್ಷ ಕಾರ್ತೀಕದಲ್ಲಿ ಕೆಂಚಿ ಹಿಪ್ಪುನೇರಳೆ ಕಡ್ಡಿಯ ರಾಶಿಯ ಸಂದಿಯಲ್ಲಿ ಮರಿ ಹಾಕಿತು. ಮೊದಮೊದಲು ಎಲ್ಲ ಸರಿಯಾಗಿಯೇ ಇತ್ತು. ಮರಿಗಳು ಕಣ್ಣು ಬಿಟ್ಟು ಓಡಾಡುವ ಹೊತ್ತಿಗೆ ಕೆಂಚಿಯ ಪಕ್ಕೆ ಎಣಿಸುವಂತಾಯಿತು. ಬೆನ್ನಿನ ಕೂದಲು ಹಿಡಿ ಹಿಡಿ ಉದುರಿತು. ಮುದ್ದೆ ಇಟ್ಟರೆ ಮೂಸಿ, ರುದ್ರಾಣಿಯ ಮುಖವನ್ನು ನೋಡಿ, ಬೇಸರ ಮಾಡಬಾರದು ಎನ್ನುವಂತೆ ಎರಡು ತುತ್ತು ನುಂಗಿ ಹೋಗಿಬಿಡುತ್ತಿತ್ತು. ಆದರೂ ದನಗಳ ಹಿಂದೆ ಹೋಗುವುದನ್ನು ಬಿಡಲಿಲ್ಲ. ನಡುಮಧ್ಯಾಹ್ನ ಕಾಡಂಚಿನಿಂದ ಒಂದೇ ಉಸಿರಿಗೆ ಓಡಿ ಬಂದು ಮರಿಗಳಿಗೆ ಮೊಲೆ ಕೊಟ್ಟು, ಮತ್ತೆ ಒಂದೇ ಉಸಿರಿಗೆ ದನಗಳ ಕಡೆಗೆ ಓಡುತ್ತಿತ್ತು. ಮರಿಗಳು ಬರಿ ಮೊಲೆ ಎಳೆದು ಎಳೆದು, ಬಿಟ್ಟು, ಕುಂಯ್ ಎಂದು ಅಳುತ್ತಿದ್ದವು. ಎಲ್ಲಕ್ಕಿಂತ ಸಣ್ಣದೊಂದು ಮರಿ ಒಂದು ಬೆಳಗ್ಗೆ ಏಳಲೇ ಇಲ್ಲ. ಕೆಂಚಿ ಅದನ್ನು ನೆಕ್ಕುತ್ತಲೇ ಇತ್ತು.

ರುದ್ರಾಣಿಗೆ ಅದನ್ನು ನೋಡಲಾಗಲಿಲ್ಲ. ಅವಳ ಮಗಳು ದೀಪ ಆಗಿನ್ನೂ ಗೋಡೆ ಹಿಡಿದು ಹೆಜ್ಜೆ ಇಡುವ ಕೂಸು.

"ಬಾಣಂತಿ ಕಣವ್ವ ಅದು. ಮುದ್ದೆಲಿ ಏನಾದದು?" ಎಂದಳು ಪುಟ್ಟಮಾದಮ್ಮ ಬೇಲಿಯ ಆಚೆಯಿಂದ. "ಅಸಿದು ಬೇಕು ಅದ್ಕೆ. ನಮ್ ನಾಯ್ಗಳ ನೋಡು, ಮೈ ಎಂಗ್ ಮಿರಮಿರ ಅಂತದೆ. ನಾಳಿಕೆ ನಮ್ಮಟ್ಟಿಲಿ ಮರಿ ಕೊಯ್ತರೆ. ಒಂದ್ ಇಡಿ ತಂದಾಕ್ಲಾ?"

"ಅಯ್ಯೋ ಮಾದಕ್ಕ, ಸುಮ್ಕಿರು! ಅತ್ತೆ ಕೆಂಚಿ ಜೊತೆಗೆ ನನ್ನೂವೆ ಆಚಿಕೆ ಅಟ್ತರೆ."

ಅತ್ತೆಯ ಹೆದರಿಕೆ ಬರಿಯ ಮಡಿಯದಲ್ಲ ಎಂಬುದು ರುದ್ರಾಣಿಗೆ ಗೊತ್ತಿತ್ತು. ದೊಡ್ಡಬಸಮ್ಮನ ತವರು ಸತ್ತೇಗಾಲ. ಅಲ್ಲಿ ಅವಳು ಹುಡುಗಿಯಾಗಿದ್ದಾಗ ಕರಿಯ ಎಂಬ ನಾಯಿ ಇತ್ತಂತೆ. ಎಲ್ಲಿಯೋ ಹಸಿ ಮಾಂಸದ ರುಚಿ ನೋಡಿತಂತೆ. ಅದಾದ ಮೇಲೆ ಒಂದು ದಿನ ಎಳೆಗರುವಿನ ಕಿವಿ ಹರಿದು ರಕ್ತ ಸುರಿಯುತ್ತಿತ್ತು, ಪಕ್ಕದಲ್ಲಿ ಕರಿಯ ನಿಂತಿತ್ತು. ದೊಡ್ಡಬಸಮ್ಮನ ಅಪ್ಪ ಅದನ್ನು ಗೋಣಿಚೀಲಕ್ಕೆ ತುಂಬಿ ಹೊಳೆಯಾಚೆ ಬಿಟ್ಟು ಬಂದರು. "ಅಸಿ ರುಚಿ ಕಂಡ ನಾಯ್ಗೆ ಕರು ಕಂಡ್ರೆ ಕರು ಕಾಣಲ್ಲ, ಕೂಳು ಕಾಣ್ತದೆ" ಎಂದು ದೊಡ್ಡಬಸಮ್ಮ ಹೇಳುವಾಗಲೆಲ್ಲ ಅವಳ ದನಿ ಸ್ವಲ್ಪ ತಗ್ಗುತ್ತಿತ್ತು.

ಹೀಗಿರುವಾಗ ಯಳಂದೂರಿನಿಂದ ಸುದ್ದಿ ಬಂತು. ಅಲ್ಲಿಗೆ ಕೊಟ್ಟಿದ್ದ ಮಗಳಿಗೆ ಹೆರಿಗೆಯಾಗಿತ್ತು. ದೊಡ್ಡಬಸಮ್ಮ ಮೆಣಸು, ಬೆಳ್ಳುಳ್ಳಿ, ತುಪ್ಪದ ಡಬ್ಬಿ ಎಲ್ಲ ಚೀಲಕ್ಕೆ ತುಂಬಿಕೊಂಡು ಬಾಣಂತನಕ್ಕೆ ಹೊರಟಳು. ಹೋಗುವಾಗ ಕೊಟ್ಟಿಗೆಗೆ ಹೋಗಿ ತುಂಬಿದ ಗಬ್ಬದ ಹಸು ಗೌರಿಯ ಬೆನ್ನು ಸವರಿದಳು.

"ನೋಡು ಕೂಸೇ, ಇವ್ಳ್ದೂ ದಿನ ತುಂಬದೆ. ಮಾಸು ಬೀಳೋ ಗಂಟ ಅಲ್ಲೇ ಕುಂತಿರು. ಅಸ ತಿನ್ಬಾರ್ದು, ನಾಯಿ ಮೂಸ್ಬಾರ್ದು. ಉಲ್ನಲ್ಲಿ ಸುತ್ತಿ ಆಲದ್ ಮರಕ್ಕೆ ಕಟ್ಬುಡು. ನಾಯಿ ತಿಂದ್ರೆ ಅಸಿನ್ ಕೆಚ್ಲು ಬತ್ತೋಯ್ತದೆ, ಗ್ಯಾಪ್ಕ ಇರ್ಲಿ."

"ಆಯ್ತು ಕಣತ್ತೆ."

ಕರು ಹುಟ್ಟಿದ ಮೇಲೆ ಬೀಳುವ ಮಾಸನ್ನು ಹಾಲಿರುವ ಮರಕ್ಕೆ ಕಟ್ಟುವುದು ಆ ಸೀಮೆಯಲ್ಲಿ ಎಲ್ಲರ ಪದ್ಧತಿ. ರಸ್ತೆಯ ಆಲದ ಕೊಂಬೆಗಳಲ್ಲಿ ಹುಲ್ಲಿನ ಗಂಟುಗಳು ಒಣಗಿ ತೂಗುತ್ತಿದ್ದವು. ಬಸ್ಸು ಇಳಿದವರು ತಲೆಯೆತ್ತಿ ನೋಡಿ, ಯಾರ ಮನೆಯ ಹಸು ಕರು ಹಾಕಿದೆ ಎಂದು ಲೆಕ್ಕ ಹಾಕುತ್ತಿದ್ದರು.

ಅತ್ತೆ ಹೋದ ವಾರದಲ್ಲೇ ಗೌರಿಗೆ ನೋವು ಬಂತು. ಅಂದು ರುದ್ರಾಣಿಯ ಗಂಡ ಗುರುಸಿದ್ದಯ್ಯ ರೇಷ್ಮೆಗೂಡಿನ ಮೂಟೆಗಳನ್ನು ಬಸ್ಸಿನ ಮೇಲೆ ಹೇರಿಕೊಂಡು ಕೊಳ್ಳೇಗಾಲದ ಮಾರುಕಟ್ಟೆಗೆ ಹೋಗಿದ್ದ. ಉಳಿದ ದನಗಳನ್ನು ಪುಟ್ಟಮಾದಮ್ಮ ತನ್ನ ಮೇಕೆಗಳ ಜೊತೆ ಅಟ್ಟಿಕೊಂಡು ಹೋಗಿದ್ದಳು. ಕೆಂಚಿಯೂ ಹಿಂದೆ ಹೋಗಿತ್ತು.

ಹೊಂಗೆ ಮರದ ಕೊಂಬೆಗೆ ಜೋಲಿ ಕಟ್ಟಿ ದೀಪಳನ್ನು ಮಲಗಿಸಿ, ರುದ್ರಾಣಿ ಸೊಂಟಕ್ಕೆ ಸೆರಗು ಬಿಗಿದಳು. ಅದುವರೆಗೆ ಹಸುವಿನ ಹೆರಿಗೆಯನ್ನು ಅವಳು ಅತ್ತೆಯ ಬೆನ್ನ ಹಿಂದೆ ನಿಂತು ನೋಡಿದ್ದಳು ಅಷ್ಟೆ. ಗೌರಿ ಏಳುತ್ತಿತ್ತು, ಮಲಗುತ್ತಿತ್ತು, ಕತ್ತು ತಿರುಗಿಸಿ ತನ್ನ ಹೊಟ್ಟೆಯನ್ನೇ ನೋಡಿಕೊಳ್ಳುತ್ತಿತ್ತು. "ಆಯ್ತು ಕಣವ್ವ, ಆಯ್ತು, ಇನ್ನೊಸಿ ತಡ್ಕ" ಎಂದು ಅವಳು ಹೇಳುತ್ತಲೇ ಇದ್ದಳು. ತನಗೆ ನೋವು ಬಂದಾಗ ಅತ್ತೆ ಹೇಳಿದ ಮಾತು ಅದೇ. ಎರಡು ಬಿಳಿಯ ಗೊರಸು ಕಂಡವು, ಆಮೇಲೆ ಅವುಗಳ ಮೇಲೆ ಮಲಗಿದ ಮೂತಿ. ಗೌರಿ ಮುಕ್ಕಿರಿದಾಗ ಅವಳೂ ಹಿಡಿದು ಎಳೆದಳು. ಕರು ಜಾರಿ ಹುಲ್ಲಿನ ಮೇಲೆ ಬಿತ್ತು. ಹೆಣ್ಣುಗರು. ಮೂಗಿನ ಲೋಳೆ ಒರೆಸಿದ ಕೂಡಲೇ ಅದು ಸೀನಿತು. ರುದ್ರಾಣಿ ನಕ್ಕಳು, ನಗುತ್ತಾ ಕಣ್ಣೊರೆಸಿಕೊಂಡಳು.

ಗೌರಿ ಕರುವನ್ನು ನೆಕ್ಕಿ ನೆಕ್ಕಿ ಒಣಗಿಸಿತು. ರುದ್ರಾಣಿ ಮಾಸಿಗಾಗಿ ಕಾದು ಕುಳಿತಳು.

ಮಾಸು ಬೀಳುವುದಕ್ಕೂ ಕೆಂಚಿ ಕಾಡಂಚಿನಿಂದ ಓಡಿ ಬರುವುದಕ್ಕೂ ಸರಿಹೋಯಿತು. ಏದುಸಿರು ಬಿಡುತ್ತಾ ಬಂದದ್ದು ನೇರ ಕಡ್ಡಿರಾಶಿಗೆ ಹೋಗಿ ಮಲಗಿತು. ಮರಿಗಳು ಮುಗಿಬಿದ್ದವು. ಎಳೆದವು, ಬಿಟ್ಟವು, ಅತ್ತವು. ಕೆಂಚಿ ಎದ್ದು ಬಂದು ಕೊಟ್ಟಿಗೆಯ ಬಾಗಿಲ ಆಚೆಗೇ ಕೂತಿತು. ಅದರ ಮೂಗು ಮಾತ್ರ ಆಡುತ್ತಿತ್ತು. ಬಾಯಿಂದ ಜೊಲ್ಲು ದಾರದ ಹಾಗೆ ಇಳಿಯುತ್ತಿತ್ತು. ಮೈಯೆಲ್ಲ ಸಣ್ಣಗೆ ನಡುಗುತ್ತಿತ್ತು. ಹೊಸಿಲು ದಾಟಲಿಲ್ಲ. ಮಾಸನ್ನು ಒಂದು ಸಲ ನೋಡಿ, ರುದ್ರಾಣಿಯನ್ನು ನೋಡಿ, ಕೇಳಬಾರದ್ದನ್ನು ಕೇಳಿದವರ ಹಾಗೆ ಮುಖ ತಿರುಗಿಸಿಕೊಂಡಿತು.

ಹುಲ್ಲು ಹಿರಿದುಕೊಂಡಿದ್ದ ರುದ್ರಾಣಿಯ ಕೈ ಹಾಗೆಯೇ ನಿಂತಿತು.

ಈಗ ಅತ್ತೆ ಯಳಂದೂರಿನಲ್ಲಿ ಮಗಳಿಗೆ ಬೆಳ್ಳುಳ್ಳಿ ಮೆಣಸಿನ ಸಾರು ಕಲಸಿ ತುಪ್ಪ ಬಡಿಸುತ್ತಿರಬಹುದು. ತನಗೂ ಹಾಗೆಯೇ ಬಡಿಸಿದವಳು. ಸಾಕೆಂದರೂ ಬಿಡದೆ, "ನಿನ್ಗಲ್ಲ, ಮಗಿಗೆ ಉಣ್ಣು" ಎಂದವಳು. ಇಲ್ಲಿ ಒಂದು ಬಾಣಂತಿ ಹೊಸಿಲಾಚೆ ಕೂತಿದೆ. ಇದಕ್ಕಾಗಿ ಯಾವ ಜೀವವನ್ನೂ ಯಾರೂ ಕೊಯ್ದಿಲ್ಲ. ಒಂದು ತಾಯಿಯ ಹೊಟ್ಟೆಯಿಂದ ತಾನಾಗಿ ಇಳಿದದ್ದು, ಮರದ ಮೇಲೆ ಒಣಗಿ ಹೋಗುವಂಥದ್ದು.

ಆದರೆ ಗೌರಿಯ ಕೆಚ್ಚಲು ಬತ್ತಿದರೆ? ಕೆಂಚಿಗೆ ರುಚಿ ಹತ್ತಿ, ಇನ್ನೂ ಕಾಲು ನಿಲ್ಲದ ಈ ಕರುವಿನ ಮೇಲೆ ಕಣ್ಣು ಬಿದ್ದರೆ? ಆಗ ಕೆಂಚಿಗೆ ಈ ಮನೆಯಲ್ಲಿ ಜಾಗವಿಲ್ಲ. ಗೋಣಿಚೀಲವೇ ಗತಿ. ಅವಳು ಕರುವನ್ನು ನೋಡಿದಳು, ಕಡ್ಡಿರಾಶಿಯನ್ನು ನೋಡಿದಳು. ಅಲ್ಲಿ ಮರಿಗಳು ಇನ್ನೂ ಅಳುತ್ತಿದ್ದವು.

ಸಗಣಿ ತುಂಬುವ ಹಳೆಯ ಮಂಕರಿಗೆ ಮಾಸನ್ನು ಎಳೆದು ಹಾಕಿಕೊಂಡು, ರುದ್ರಾಣಿ ಬೇಲಿಯ ಆಚೆ ಕಳ್ಳಿಗಿಡದ ಮರೆಗೆ ನಡೆದಳು. ಮಂಕರಿ ಕವುಚಿ, "ಬಾ" ಎಂದಳು.

ಕೆಂಚಿ ನಂಬಲಿಲ್ಲ. ಅವಳು ಎರಡನೆಯ ಸಲ ಕರೆದಾಗ ಬಂದಿತು.

ಮೂರು ಮಳೆಗಾಲ ತನ್ನ ಕೈಯಾರೆ ಮುದ್ದೆ ಇಟ್ಟ ನಾಯಿ ಅದು. ಆದರೆ ಈಗ ತಿನ್ನುತ್ತಿದ್ದುದನ್ನು ಅವಳು ಹಿಂದೆಂದೂ ಕಂಡಿರಲಿಲ್ಲ. ಮುದ್ದೆಯನ್ನು ಕೆಂಚಿ ಬರಿಯ ಬಾಯಲ್ಲಿ ತಿನ್ನುತ್ತಿತ್ತು, ಇದನ್ನು ಇಡೀ ಮೈಯಲ್ಲಿ ತಿಂದಿತು. ಮುಂಗಾಲು ಊರಿ, ಕತ್ತಿನ ನರ ಬಿಗಿದು, ತಲೆ ಓರೆ ಮಾಡಿ ಪಕ್ಕದ ಹಲ್ಲಿನಿಂದ ಕತ್ತರಿಸಿ, ಎತ್ತಿ, ನುಂಗಿ. ಎಲ್ಲಿಯೂ ತಡವರಿಕೆ ಇರಲಿಲ್ಲ. ಯಾರು ಕಲಿಸಿದರು ಇದಕ್ಕೆ? ಹುಟ್ಟಿದಾಗಿನಿಂದ ಮಜ್ಜಿಗೆ ಕುಡಿದ ನಾಯಿಗೆ? ವಿಭೂತಿಯಿಲ್ಲದ ಹಣೆಯ ಮೇಲೆ ಬರಿಯ ಧೂಳು, ಕಣ್ಣಲ್ಲಿ ಕಾಡು. ಗರ್ಭಗುಡಿಯ ಮುಂದೆ ಪರದೆ ಸರಿದಾಗ ಆಗುವ ಹಾಗೆ ರುದ್ರಾಣಿಯ ಕೈ ತಾನಾಗಿ ಎದೆಯ ಮೇಲೆ ಬಂತು.

ತಿಂದು ಮುಗಿಸಿದ ಕೆಂಚಿ ಬೇಲಿಯ ಸಂದಿಯಿಂದ ನುಗ್ಗಿ ನೇರ ಕರು ಮಲಗಿದ್ದ ಕಡೆಗೇ ನಡೆಯಿತು.

"ಕೆಂಚೀ!" ರುದ್ರಾಣಿ ಮಂಕರಿ ಬಿಸಾಡಿ ಓಡಿದಳು. ಅವಳು ಮುಟ್ಟುವಷ್ಟರಲ್ಲಿ ಕೆಂಚಿ ಕರುವನ್ನು ದಾಟಿತ್ತು. ಕಡ್ಡಿರಾಶಿಯ ಮುಂದೆ ನಿಂತು ಬೆನ್ನು ಬಾಗಿಸಿ, ಹೊಟ್ಟೆ ಹಿಂಡಿ, ತಿಂದದ್ದನ್ನು ಅರ್ಧಕ್ಕರ್ಧ ಕಕ್ಕಿಬಿಟ್ಟಿತು.

ಅಯ್ಯೋ, ಒಗ್ಗಲಿಲ್ಲ! ಮಜ್ಜಿಗೆಯ ಹೊಟ್ಟೆಗೆ ವಿಷವಾಯಿತು! ಮರಿಗಳು ಬೇರೆ ಅದರ ಕಡೆಗೇ ಉರುಳಿಕೊಂಡು ಬರುತ್ತಿವೆ. ರುದ್ರಾಣಿ ಒಲೆಯ ಬೂದಿಯ ಮೊರ ಹಿಡಿದು ಓಡಿ ಬಂದು, ಕಕ್ಕಿದ್ದರ ಮೇಲೆ ಸುರಿಯಲು ಬಾಗಿದಳು.

ಕೆಂಚಿ ಗುರ್ ಎಂದಿತು.

ಜೋರಾಗಿಯೇನಲ್ಲ. ತುಟಿಯ ಒಂದು ಬದಿ ಮಾತ್ರ ಮೇಲೆದ್ದಿತ್ತು, ಹಲ್ಲು ಕಂಡಿತು. ಈ ಮನೆಯ ಯಾರ ಮೇಲೂ ಕೆಂಚಿ ಹಾಗೆ ಮಾಡಿದ್ದಿಲ್ಲ. ಮೊರ ಹಿಡಿದ ಕೈ ಗಾಳಿಯಲ್ಲೇ ನಿಂತಿತು. ರುದ್ರಾಣಿ ಒಂದೊಂದೇ ಹೆಜ್ಜೆ ಹಿಂದೆ ಸರಿದಳು.

ಮರಿಗಳು ತಿಂದವು. ಮೂತಿ ಅದ್ದಿ, ಒಂದರ ಮೇಲೊಂದು ಬಿದ್ದು, ಬಾಲ ಆಡಿಸುತ್ತಾ ತಿಂದವು. ಅಳು ನಿಂತಿತ್ತು. ಕೆಂಚಿ ಒಂದು ತುಣುಕನ್ನೂ ಮುಟ್ಟದೆ ಪಕ್ಕಕ್ಕೆ ಮಲಗಿ, ಬೇರೆ ಕಡೆ ನೋಡುತ್ತಿತ್ತು. ಮರಿಗಳ ಹೊಟ್ಟೆ ಗಟ್ಟಿಯಾಗಿ ಗುಂಡಗಾದ ಮೇಲೆ ಎದ್ದು ಅವುಗಳ ಮುಖ ನೆಕ್ಕಿ, ಏನೂ ಆಗಿಲ್ಲವೆಂಬಂತೆ ಕಾಡಂಚಿಗೆ, ತನ್ನ ದನಗಳ ಕಡೆಗೆ ಓಡಿತು.

ರುದ್ರಾಣಿಗೆ ತಿಳಿಯಲು ಹೊತ್ತು ಹಿಡಿಯಿತು. ಅದು ಕಾಯಿಲೆಯ ವಾಂತಿಯಲ್ಲ, ಬಡಿಸಿದ್ದು. ಕೈಯಿಲ್ಲದ ತಾಯಿ ಹೊಟ್ಟೆಯನ್ನೇ ಬುತ್ತಿ ಮಾಡಿಕೊಂಡು ಹೊತ್ತು ತಂದಿತ್ತು. ಅವಳು ಜೋಲಿಯ ಹತ್ತಿರ ಹೋಗಿ, ಮಲಗಿದ್ದ ಮಗಳ ಕಾಲನ್ನು ಸುಮ್ಮನೆ ಹಿಡಿದು ನಿಂತಳು.

ಆದರೆ ಆ ಗುರ್ ಎಂಬ ಸದ್ದು ಮನಸ್ಸಿನಲ್ಲಿ ಮುಳ್ಳಿನ ಹಾಗೆ ಉಳಿಯಿತು.

ಸಂಜೆ ಬಂದ ಗುರುಸಿದ್ದಯ್ಯ ಕರುವನ್ನು ನೋಡಿ ಹಿಗ್ಗಿದ. "ಮರಕ್ಕೆ ಕಟ್ದಾ?" ಎಂದು ಕೇಳಿದ.

"ಇಲ್ಲ. ಕೆಂಚಿಗೆ ಆಕ್ಬುಟ್ಟೆ."

ಅವನು ಹೆಗಲ ಮೇಲಿನ ಟವಲನ್ನು ತೆಗೆದು, ಕೊಡವಿ, ಮತ್ತೆ ಹೆಗಲಿಗೇ ಹಾಕಿಕೊಂಡ. "ಅವ್ವನ್ಗೆ ನೀನೇ ಯೋಳವ್ವ ತಾಯಿ. ಉಲಿ ಜೊತೆ ಬೇಕಾರೆ ಮಾತಾಡ್ತೀನಿ, ನನ್ ಕೈಲಿ ಅದಾಗಲ್ಲ" ಎಂದ. ಕೆಂಚಿ ಗುರ್ ಎಂದದ್ದನ್ನು ಅವಳು ಹೇಳಿದ ಮೇಲೆ ಅವನ ಮುಖ ಗಂಭೀರವಾಯಿತು. ಅವ್ವ ಬರುವ ತನಕ ಇರಲಿ ಎಂದು ಕೆಂಚಿಯನ್ನು ಹೊಂಗೆ ಮರಕ್ಕೆ ಹಗ್ಗ ಹಾಕಿ ಕಟ್ಟಿದ.

ದನ ಹೊರಡುವಾಗ ಕೆಂಚಿ ಹಗ್ಗ ಜಗ್ಗಿ ಕೂಗುತ್ತಿತ್ತು. ಅದಿಲ್ಲದೆ ಹೋದ ಗುರುಸಿದ್ದಯ್ಯ, ಹಿಂದುಳಿದ ಕಡಸನ್ನು ಹುಡುಕಿ ಹುಡುಕಿ, ಮುಳ್ಳು ತರಚಿದ ಕಾಲಲ್ಲಿ ಬಯ್ದುಕೊಂಡು ಮನೆಗೆ ಬರುತ್ತಿದ್ದ. ಗೌರಿಯ ಗಿಣ್ಣು ಮುಗಿದು ಹಾಲು ತಿಳಿಯಾಯಿತು. ಬತ್ತಲಿಲ್ಲ. ಕರು ಕುಡಿದು ಮಿಕ್ಕದ್ದೂ ತಂಬಿಗೆಯ ಕಂಠಕ್ಕೆ ಬರುತ್ತಿತ್ತು. ರುದ್ರಾಣಿ ಪ್ರತಿ ಬೆಳಗ್ಗೆ ಉಸಿರು ಬಿಗಿಹಿಡಿದು ಕೆಚ್ಚಲಿಗೆ ಕೈ ಹಾಕಿ, ಹಾಲಿನ ಮೊದಲ ಧಾರೆ ತಂಬಿಗೆಯಲ್ಲಿ ಸದ್ದು ಮಾಡಿದ ಮೇಲೆ ಉಸಿರು ಬಿಡುತ್ತಿದ್ದಳು.

ದೊಡ್ಡಬಸಮ್ಮ ಬಂದಳು. ಬಸ್ಸಿಳಿದವಳೇ ಆಲದ ಮರವನ್ನು ತಲೆಯೆತ್ತಿ ನೋಡಿದ್ದಳು. ಅಂಗಳಕ್ಕೆ ಬಂದು ಚೀಲ ಇಳಿಸುವ ಮೊದಲೇ ಕೇಳಿದಳು: "ಅಸ ಕರು ಆಕದೆ ಅಂತ ಬಸ್ನಲ್ಲೇ ಯೋಳುದ್ರು. ಮರದಲ್ಲಿ ಅಸ್ರು ಉಲ್ಲಿನ್ ಗಂಟು ಕಾಣ್ನಿಲ್ಲ?"

ರುದ್ರಾಣಿ ಕಾಲಿಗೆ ನೀರು ಕೊಟ್ಟು, ಮರೆಮಾಚದೆ ಎಲ್ಲವನ್ನೂ ಹೇಳಿದಳು. ಹಾಲು ಬತ್ತಲಿಲ್ಲ ಎಂದಳು, ಮರಿಗಳು ಚೇತರಿಸಿಕೊಂಡವು ಎಂದಳು. ಗುರ್ ಎಂದದ್ದನ್ನೂ ಬಿಡಲಿಲ್ಲ.

ದೊಡ್ಡಬಸಮ್ಮ ಕೂಗಾಡಲಿಲ್ಲ. ಅದೇ ರುದ್ರಾಣಿಗೆ ಹೆಚ್ಚು ಹೆದರಿಕೆ ತಂದಿತು. ಕಾಲು ತೊಳೆದುಕೊಂಡು, ಕಟ್ಟಿಹಾಕಿದ್ದ ಕೆಂಚಿಯನ್ನು ದೂರದಿಂದಲೇ ನೋಡುತ್ತಾ ನಿಂತಳು. ಕೆಂಚಿ ಬಾಲದಿಂದ ನೆಲ ಗುಡಿಸುತ್ತಿತ್ತು.

"ಬೆಳಗ್ಗೆ ಬುಟ್ ನೋಡ್ತೀನಿ" ಎಂದಳು ಕೊನೆಗೆ. "ಕರಿನ್ ಮೈಗೆ ಅಲ್ಲಾಕುದ್ರೆ ನಮ್ ಗುರುಸಿದ್ದ ಮಾರ್ಟಳ್ಳಿ ಕಡೆ ಕಾಡ್ಗೆ ಬುಟ್ಟು ಬರ್ಲಿ. ನೀನು ಕೂಗಂಗಿಲ್ಲ, ಅಡ್ಡ ಬರಂಗಿಲ್ಲ. ಕೇಳ್ತಾ ಕೂಸೇ?"

"ಕೇಳ್ತು ಕಣತ್ತೆ."

ಮಾರನೆಯ ಬೆಳಗ್ಗೆ ಪೂಜೆ ಮುಗಿಸಿ ದೊಡ್ಡಬಸಮ್ಮ ಜಗಲಿಗೆ ಬಂದಾಗ ಕೆಂಚಿ ಹಗ್ಗದ ತುದಿಯವರೆಗೂ ಬಂದು ಹಣೆ ಒಡ್ಡಿ ಕೂತಿತು. ದೊಡ್ಡಬಸಮ್ಮ ಬೆರಳನ್ನು ಸೆರಗಿಗೆ ಒರೆಸಿಕೊಂಡು ಅದನ್ನು ದಾಟಿ ಹೋದಳು. ರುದ್ರಾಣಿ ಮುಖ ತಿರುಗಿಸಿಕೊಂಡಳು.

ಬಿಸಿಲು ಅಂಗಳ ತುಂಬಿತ್ತು. ಗೌರಿಯನ್ನು ದೂರದ ಗೂಟಕ್ಕೆ ಕಟ್ಟಿ ಕರುವನ್ನು ಬಿಚ್ಚಿಬಿಟ್ಟಿದ್ದರು. ಗುರುಸಿದ್ದಯ್ಯ ದೊಣ್ಣೆ ಹಿಡಿದು ನಿಂತಿದ್ದ. ಪುಟ್ಟಮಾದಮ್ಮ ಮೇಕೆ ಅಟ್ಟುವುದನ್ನು ಬಿಟ್ಟು ಬೇಲಿಗೆ ಆತು ನಿಂತಿದ್ದಳು. ರುದ್ರಾಣಿ ದೀಪಳನ್ನು ಕಂಕುಳಲ್ಲಿ ಇಟ್ಟುಕೊಂಡು ಜಗಲಿಯ ಅಂಚಿಗೆ ನಿಂತಿದ್ದಳು. ದೊಡ್ಡಬಸಮ್ಮ ತಾನೇ ಹೋಗಿ ಹಗ್ಗ ಬಿಚ್ಚಿದಳು.

ಕೆಂಚಿ ಮೊದಲು ಮರಿಗಳ ಹತ್ತಿರ ಹೋಯಿತು. ಮೊಲೆ ಕೊಟ್ಟಿತು. ಹಲ್ಲು ಬಂದ ಮರಿಗಳು ಕಚ್ಚಿ ಎಳೆದಾಗ ಕೊಡವಿಕೊಂಡು ಎದ್ದು ನಿಂತಿತು. ಅಷ್ಟರಲ್ಲಿ ಕರು ಕುಪ್ಪಳಿಸುತ್ತಾ ಬಂದು, ಹಾಲಿನ ವಾಸನೆ ಹಿಡಿದು, ಕೆಂಚಿಯ ಹೊಟ್ಟೆಯ ಕೆಳಗೆ ಮೂತಿ ತೂರಿಸಿಬಿಟ್ಟಿತು. ತಾಯಿಯ ಕೆಚ್ಚಲಿಗೆ ಗುದ್ದುವ ಹಾಗೆ ತಲೆಯಿಂದ ಗುದ್ದಿತು. ಕೆಂಚಿ ಒಂದು ಹೆಜ್ಜೆ ಪಕ್ಕಕ್ಕೆ ತೂರಾಡಿತು.

ಗುರ್.

ಅದೇ ಸದ್ದು. ತುಟಿಯ ಅದೇ ಬದಿ ಮೇಲೆದ್ದಿತು. ಗುರುಸಿದ್ದಯ್ಯನ ದೊಣ್ಣೆ ಮೇಲೆ ಹೋಯಿತು.

"ತಡಿಯೋ!" ದೊಡ್ಡಬಸಮ್ಮ ಅವನ ಮುಂಗೈ ಹಿಡಿದಳು. ಕಣ್ಣು ಕೆಂಚಿಯ ಮೇಲೇ ಇತ್ತು.

ಕರುವಿಗೆ ಗದರಿಕೆ ತಿಳಿಯಲಿಲ್ಲ. ಮತ್ತೆ ಗುದ್ದಿತು. ಆಗ ಕೆಂಚಿ ತಿರುಗಿ ಬಾಯಿ ತೆರೆದು ಕರುವಿನ ಮೂತಿಯನ್ನು ಪೂರ್ತಿ ಬಾಯೊಳಗೆ ಹಿಡಿಯಿತು. ಅಂದು ಮಾಸನ್ನು ಕತ್ತರಿಸಿದ ಹಲ್ಲು, ಅದೇ ದವಡೆ. ರುದ್ರಾಣಿ ದೀಪಳನ್ನು ಎದೆಗೆ ಅವುಚಿಕೊಂಡಳು. ಮಾತು ಕೊಟ್ಟಿದ್ದಳು, ಕೂಗಲಿಲ್ಲ.

ಕೆಂಚಿ ಬಾಯಿ ಬಿಟ್ಟಿತು.

ಕರು ಬೆಪ್ಪಾಗಿ ನಿಂತಿತ್ತು. ಮೂತಿ ಒದ್ದೆಯಾಗಿತ್ತು, ಅಷ್ಟೆ. ಒಂದು ಗೀರೂ ಇರಲಿಲ್ಲ. ಕೆಂಚಿ ಅದರ ಹಿಂದಕ್ಕೆ ಸುತ್ತಿ ಬಂದು, ಸಂಜೆ ಕಡಸನ್ನು ದೂಡುವ ಹಾಗೆಯೇ ತೊಡೆಗೆ ಭುಜ ಒಡ್ಡಿ ತಳ್ಳಿತು. ಕರು ನಾಲ್ಕು ಹೆಜ್ಜೆ ಹೋಗಿ ನಿಂತರೆ ಮತ್ತೆ ತಳ್ಳಿತು. ಹೀಗೆ ಅಂಗಳದ ಉದ್ದಕ್ಕೂ ನಡೆಸಿಕೊಂಡು ಹೋಗಿ ಗೌರಿಯ ಹೊಟ್ಟೆಯ ಕೆಳಗೆ ಮುಟ್ಟಿಸಿತು. ಎಳೆಗರುವಿನ ಹತ್ತಿರ ಹೊರಗಿನವರು ಸುಳಿದರೆ ಕೊಂಬು ಬೀಸುವ ಗೌರಿ, ಕತ್ತು ಇಳಿಸಿ ಕೆಂಚಿಯ ಕೂದಲುದುರಿದ ಬೆನ್ನನ್ನು ಒಂದು ಸಲ ಮೂಸಿ, ಮೆಲುಕು ಹಾಕುವುದಕ್ಕೆ ಮರಳಿತು. ಕರುವಿನ ಬಾಲ ಆಡತೊಡಗಿತು.

ದೀಪ "ಬೌ" ಎಂದಳು.

"ಗದರ್ತು ಕಣೋ ಸಿದ್ದ" ಎಂದಳು ದೊಡ್ಡಬಸಮ್ಮ ಮೆಲ್ಲಗೆ. "ಕಚ್ನಿಲ್ಲ, ಗದರ್ತು. ಅವತ್ತು ಇವ್ಳ್ಗೂ ಅದೇ ಮಾಡದೆ. ಮಕ್ಳು ಉಣ್ಣೋವಾಗ ಕೈ ಇಟ್ಳು ಅಂತ." ಅವಳಿಗೆ ನಗು ಬಂತು. "ನಿನ್ಗೆ ಎದೆ ಬುಡುಸ್ವಾಗ ನಾನೂ ಇಂಗೇ ಗದರ್ದೆ. ಕೇಳ್ದೆ ಓದಾಗ ಬೇವಿನ್ಸೊಪ್ಪು ಅರ್ದು ಬಳ್ಕಂಡಿದ್ದೆ."

"ಅದ್ಕೇಯ ಬುಡವ್ವ, ಈಗ್ಲೂ ಮೊಕ ಇಂಗ್ ಕಯ್ಯಿ ಮಾಡ್ಕಂಡ್ ತಿರುಗ್ತನೆ" ಎಂದಳು ಬೇಲಿಯಾಚೆಯಿಂದ ಪುಟ್ಟಮಾದಮ್ಮ. ಗುರುಸಿದ್ದಯ್ಯ ದೊಣ್ಣೆಯನ್ನು ಎಲ್ಲಿಡಬೇಕೆಂದು ತಿಳಿಯದೆ ಬೆನ್ನ ಹಿಂದೆ ಹಿಡಿದುಕೊಂಡ.

ದೊಡ್ಡಬಸಮ್ಮ ಜಗಲಿಯ ಮೇಲೆ ಕುಳಿತಳು. ನಗು ಹೋಗಿತ್ತು.

"ನಮ್ ಕರಿಯ..." ಎಂದಳು. "ಕಿವಿ ಅರ್ದಿದ್ದ ಕಂಡೋ. ಯಾರ್ ಅರುದ್ರು ಅಂತ ಕಂಡೋರಿಲ್ಲ. ಮುಳ್ತಂತಿನೋ, ನರಿನೋ. ಅದು ಪಕ್ದಲ್ಲಿ ನಿಂತಿತ್ತು ಅಷ್ಟೇಯ. ಕಾಯ್ತಾ ನಿಂತಿತ್ತೇನೋ. ಒಬ್ರಾದ್ರೂ ಒಂದ್ ಗಳ್ಗೆ ನಿಂತು ನೋಡಿದ್ರೆ..."

ರುದ್ರಾಣಿ ಹೋಗಿ ಅತ್ತೆಯ ಪಕ್ಕದಲ್ಲಿ ಕುಳಿತಳು. ದೀಪ ಅಜ್ಜಿಯ ತೊಡೆಗೆ ಜಾರಿದಳು. ದೊಡ್ಡಬಸಮ್ಮ ಕೂಸನ್ನು ಸೊಸೆಯ ಕೈಗೆ ಕೊಟ್ಟು ಎದ್ದು ಒಳಗೆ ಹೋಗಿ ವಿಭೂತಿಯ ಗಟ್ಟಿಯನ್ನೇ ತಂದಳು. ಕರೆಯುವ ಮೊದಲೇ ಕೆಂಚಿ ಬಂದು ಕೂತಿತ್ತು. ಆಕೆ ಅದರ ಹಣೆಯ ಮೇಲೆ ಅಗಲವಾಗಿ ಎಳೆದಳು. ಗದ್ದ ಹಿಡಿದು ದವಡೆಯನ್ನು ಹೆಬ್ಬೆರಳಿನಿಂದ ಸವರಿದಳು.

"ಒಳ್ಗೆ ಇಷ್ಟ್ ಇಟ್ಕಂಡು, ಇಷ್ಟ್ ಮೆತ್ಗೆ ಇಡಿತೀಯಲ್ಲವ್ವ ನೀನು" ಎಂದಳು. "ಓಗು, ದನ ಕಾಯ್ತವೆ."

ಆಮೇಲೆ ಆ ಮನೆಗೊಂದು ಹೊಸ ಪದ್ಧತಿ ಬಂತು. ಬೇಲಿಯೊಳಗೆ ಮುದ್ದೆ ಮಜ್ಜಿಗೆ, ಬೇಲಿಯಾಚೆ ಅದರ ಇಷ್ಟ. ಪುಟ್ಟಮಾದಮ್ಮನ ಮನೆಯಲ್ಲಿ ಮರಿ ಕೊಯ್ದ ದಿನ ಅವಳು ತನ್ನ ಹೊಲದ ಹಾಸುಬಂಡೆಯ ಮೇಲೆ ನಿಂತು "ಕೆಂಚೀ, ಬಾರಮ್ಮಿ ನಿಮ್ಮತ್ತೆ ನೋಡಲ್ಲ" ಎಂದು ಕೂಗುತ್ತಿದ್ದಳು. ದೊಡ್ಡಬಸಮ್ಮ ನಿಜವಾಗಿಯೂ ನೋಡುತ್ತಿರಲಿಲ್ಲ. ಆ ಹೊತ್ತಿಗೆ ಸರಿಯಾಗಿ ಅವಳಿಗೆ ಒಳಮನೆಯಲ್ಲಿ ಏನಾದರೂ ಕೆಲಸ ನೆನಪಾಗುತ್ತಿತ್ತು. ಹಸಿ ಮೂಳೆ ಕಡಿದು ಮುಗಿಸಿದ ಕೆಂಚಿ ಬೇಲಿಯ ಸಂದಿಯಲ್ಲಿ ನಿಂತು ಕಾಯುತ್ತಿತ್ತು. ರುದ್ರಾಣಿ ಒಂದು ಚೆಂಬು ನೀರನ್ನು ಅದರ ಬಾಯ ಮೇಲೆ ಸುರಿದ ಮೇಲೆಯೇ ಒಳಗೆ ಕಾಲಿಡುತ್ತಿತ್ತು. ಇದನ್ನು ಅದಕ್ಕೆ ಯಾರೂ ಕಲಿಸಿರಲಿಲ್ಲ. ಮಳೆ ಬೀಳುವ ಹೊತ್ತಿಗೆ ಕೆಂಚಿಯ ಬೆನ್ನಿನ ಕೂದಲು ಮತ್ತೆ ಬಂತು, ಇಟ್ಟಿಗೆಯ ಬಣ್ಣಕ್ಕೆ ಎಣ್ಣೆ ಹಚ್ಚಿದ ಹಾಗೆ.

ಗೌರಿ ಮತ್ತೆ ಕರು ಹಾಕಿದಾಗ ದೊಡ್ಡಬಸಮ್ಮ ಮನೆಯಲ್ಲೇ ಇದ್ದಳು. ಕೊಟ್ಟಿಗೆಯಿಂದ ರುದ್ರಾಣಿಯನ್ನು ಕೂಗಿ ಕೈಗೊಂದು ಹುಲ್ಲಿನ ಗಂಟು ಕೊಟ್ಟಳು. ಅದು ದೀಪಳ ಮುಷ್ಟಿಗಿಂತ ದೊಡ್ಡದಿರಲಿಲ್ಲ.

"ಇಷ್ಟೇನಾ ಅತ್ತೆ?"

"ಮರಕ್ಕೆ ತೋರ್ಸಕೆ ಇಷ್ಟ್ ಸಾಕು" ಎಂದು ದೊಡ್ಡಬಸಮ್ಮ ಉಳಿದ ಮಾಸಿದ್ದ ಮಂಕರಿಯನ್ನು ತಾನೇ ಸೊಂಟಕ್ಕೆ ಏರಿಸಿಕೊಂಡು, ಮುಖವನ್ನು ಅತ್ತ ತಿರುಗಿಸಿ, ಬೇಲಿಯ ಆಚೆಗೆ ನಡೆದಳು. ಕೆಂಚಿಗೆ ಆಗ ಎರಡನೆಯ ಸೂಲಿನ ಮರಿಗಳಿದ್ದವು. ರುದ್ರಾಣಿ ಗಂಟನ್ನು ಕೈಯಲ್ಲಿ ಹಿಡಿದು ಅಂಗಳದಲ್ಲೇ ನಿಂತಳು. ತಿಂದು ಬಂದ ಕೆಂಚಿ ಬಾಯಿಗೆ ನೀರು ಸುರಿಸಿಕೊಳ್ಳಲೂ ನಿಲ್ಲದೆ, ತುಂಬಿದ ಕೊಡ ತುಳುಕದಂತೆ ನಡೆಯುವವರ ಹಾಗೆ, ಕಡ್ಡಿರಾಶಿಯ ಕಡೆಗೆ ಹೋಯಿತು. ಅತ್ತೆ ಸೊಸೆ ಇಬ್ಬರೂ ಅದಕ್ಕೆ ದಾರಿ ಬಿಟ್ಟು ಸರಿದು ನಿಂತರು.